ತೀನ್ ಕಂದೀಲ್, ಬೆಂಗಳೂರು ರೋಡ್, ಗಡಿಯಾರ ಕಂಬ: ಕೈಯಲ್ಲಿ ಒಂದೇ ದಿನವಿದ್ದರೆ ಯಾವ ಪೇಟೆ?

ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕೋಟೆಯ ಊರುಗಳು. ಮೂರಕ್ಕೂ ಹಳೇ ಪೇಟೆ ಇದೆ, ಪೇಟೆಗೊಂದು ಹೆಸರಾದ ಚೌಕ ಇದೆ. ಹಂಪಿಗೆ ಬಂದವರು, ಮದುವೆ ಜವಳಿಗೆ ಹೊರಟವರು, ಕಚೇರಿ ಕೆಲಸಕ್ಕೆ ಬಂದು ಒಂದು ದಿನ ಬಿಡುವು ಸಿಕ್ಕವರು ಕೇಳುವ ಪ್ರಶ್ನೆ ಒಂದೇ: ಮೂರರಲ್ಲಿ ಯಾವುದಕ್ಕೆ ಹೋಗೋಣ?

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಕೋಟೆ, ಚೌಕ, ಬಜಾರು ಮೂರನ್ನೂ ಒಂದೇ ಓಡಾಟದಲ್ಲಿ ನೋಡಬೇಕು ಅನ್ನುವವರಿಗೆ ರಾಯಚೂರಿನ ತೀನ್ ಕಂದೀಲ್. ಕೊಳ್ಳುವುದೇ ಮುಖ್ಯ, ನೋಡುವುದು ಆಮೇಲೆ ಅನ್ನುವವರಿಗೆ ಬಳ್ಳಾರಿಯ ಬೆಂಗಳೂರು ರೋಡು ಮತ್ತು ಕೌಲ್ ಬಜಾರು. ಕೈಕೆಲಸದ ಸಾಮಾನು ಬೇಕು, ನೂಕುನುಗ್ಗಲು ಬೇಡ ಅನ್ನುವವರಿಗೆ ಕೊಪ್ಪಳದ ಗಡಿಯಾರ ಕಂಬ ಮತ್ತು ಜವಾಹರ ರಸ್ತೆ.

ಒಂದೇ ದಿನದಲ್ಲಿ ಎರಡು ಊರು ಮುಗಿಸುವ ಯೋಚನೆ ಮಾತ್ರ ಬೇಡ. ರಾಯಚೂರಿನಿಂದ ಬಳ್ಳಾರಿಯಾಗಲಿ ಕೊಪ್ಪಳವಾಗಲಿ ನೂರೈವತ್ತು ಕಿಲೋಮೀಟರ್ ಆಸುಪಾಸು. ಎರಡೂ ದಾರಿ ಸಿಂಧನೂರಿನ ಮೇಲೆಯೇ ಹೋಗುತ್ತವೆ, ಭತ್ತದ ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕಾಗುತ್ತದೆ. ಕೋಟೆ ನೋಡುವುದಕ್ಕೆ ಹದವಾದ ಹೊತ್ತು ಬೆಳಿಗ್ಗೆ, ಪೇಟೆಗೆ ಹದವಾದ ಹೊತ್ತು ಸಂಜೆ. ನಡುವೆ ಊರು ಬದಲಿಸಿದರೆ ಎರಡೂ ಹೊತ್ತು ಬಸ್ಸಿನಲ್ಲೇ ಕಳೆದುಹೋಗುತ್ತವೆ. ಕೊಪ್ಪಳ ಮತ್ತು ಬಳ್ಳಾರಿ ಮಾತ್ರ ಒಂದೇ ರೈಲು ಮಾರ್ಗದಲ್ಲಿವೆ, ನಡುವೆ ಹೊಸಪೇಟೆ. ಎರಡು ದಿನವಿದ್ದರೆ ಇವೆರಡನ್ನು ಜೋಡಿಸಬಹುದು. ರಾಯಚೂರಿಗೆ ಬೇರೆ ದಿನವೇ ಇಡಬೇಕು.

ಹೊತ್ತಿನ ಲೆಕ್ಕ

ಮೂರೂ ಊರಿಗೆ ಒಂದೇ ಲೆಕ್ಕ. ಇಲ್ಲಿನ ಮೇಲುಕೋಟೆಗಳೆಲ್ಲ ಬೋಳು ಗ್ರಾನೈಟ್ ಬಂಡೆಯ ಮೇಲಿವೆ. ಬಂಡೆ ಹತ್ತು ಗಂಟೆಗೆಲ್ಲ ಕಾಯಲು ಶುರುವಾಗಿ, ಸೂರ್ಯ ಇಳಿದ ಮೇಲೂ ಬಹಳ ಹೊತ್ತು ಕಾವು ಬಿಡುತ್ತಲೇ ಇರುತ್ತದೆ. ‘ಬಿಸಿಲು ಇಳಿದ ಮೇಲೆ ಹತ್ತೋಣ’ ಎಂದು ಐದು ಗಂಟೆಗೆ ಹೋದವರು ಸುಸ್ತಾಗುವುದು ಇದೇ ಕಾರಣಕ್ಕೆ: ಮೇಲಿನ ಬಿಸಿಲು ಕಡಿಮೆಯಾಗಿರುತ್ತದೆ, ಕಾಲಡಿಯದು ಆಗಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಭಾಗದಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆ ಎರಡು ತಿಂಗಳು ಕೋಟೆ ಹತ್ತುವ ಆಸೆ ಇದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಇಳಿದುಬಿಡಬೇಕು.

ಜವಳಿ, ಚಿನ್ನದ ಅಂಗಡಿಗಳು ಸಾಮಾನ್ಯವಾಗಿ ಹತ್ತು ಹತ್ತೂವರೆಗೆ ಬಾಗಿಲು ತೆಗೆಯುತ್ತವೆ. ಸೀರೆಯ ಬಣ್ಣ ನೋಡಿ ತೆಗೆದುಕೊಳ್ಳುವವರು ಹನ್ನೊಂದರಿಂದ ಒಂದರೊಳಗೆ ಹೋಗಿ. ಜನ ಕಡಿಮೆ, ಅಂಗಡಿಯವರಿಗೆ ಮಡಿಕೆ ಬಿಚ್ಚಿ ತೋರಿಸುವ ತಾಳ್ಮೆ ಇರುತ್ತದೆ, ಸೀರೆಯನ್ನು ಹೊರಗೆ ಬೆಳಕಿಗೆ ಹಿಡಿದು ನೋಡಬಹುದು. ಸಂಜೆ ಆರರ ಮೇಲೆ ಟ್ಯೂಬ್‌ಲೈಟಿನಲ್ಲಿ ಕಡುಗೆಂಪೂ ದಾಳಿಂಬೆ ಬಣ್ಣವೂ ಒಂದೇ ಥರ ಕಾಣುತ್ತವೆ, ಮನೆಗೆ ಬಂದ ಮೇಲೆ ಬೇಜಾರು. ಇನ್ನೊಂದು ಮಾತು: ಬಾಗಿಲು ತೆಗೆದ ಕೂಡಲೇ ಹೋಗಿ ಅರ್ಧ ಗಂಟೆ ರೇಟು ಕೇಳಿ ಏನೂ ಕೊಳ್ಳದೆ ಎದ್ದು ಬರಬೇಡಿ. ಬೋಣಿ ಕೆಟ್ಟಿತು ಎಂದು ಅಂಗಡಿಯವರಿಗೆ ನಿಜಕ್ಕೂ ನೋವಾಗುತ್ತದೆ. ಬರೀ ವಿಚಾರಿಸುವುದಿದ್ದರೆ ಹನ್ನೊಂದರ ಮೇಲೆ ಹೋಗಿ.

ರಾಯಚೂರು: ಗೋಡೆಯೊಳಗಿನ ಬಜಾರು

ರಾಯಚೂರಿನ ದೊಡ್ಡ ಅನುಕೂಲ ಎಂದರೆ ಇತಿಹಾಸ ನೋಡಲು ಬೇರೆ ಕಡೆ ಹೋಗಬೇಕಿಲ್ಲ. ಹಳೇ ಊರು ಬೆಳೆದದ್ದೇ ಕೋಟೆಗೋಡೆಗಳ ಒಳಗೆ. ತೀನ್ ಕಂದೀಲ್, ಪಟೇಲ್ ರಸ್ತೆ, ಮಹಾವೀರ ವೃತ್ತ, ಚಿನ್ನ ಬೆಳ್ಳಿಯ ಸರಾಫ್ ಬಜಾರು, ಏಕ್ ಮಿನಾರ್ ರಸ್ತೆ, ಎಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗಿವೆ. 1956ರವರೆಗೆ ಊರು ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯದಲ್ಲಿ ಇದ್ದುದರಿಂದ ದರ್ವಾಜಾ, ಸರಾಫ್, ಗಂಜ್ ಎಂಬ ಹೆಸರುಗಳೇ ಇವತ್ತಿಗೂ ಉಳಿದಿವೆ. ಆಟೊದವರಿಗೆ ‘ತೀನ್ ಕಂದೀಲ್’ ಅಂದರೆ ಸಾಕು, ವಿಳಾಸ ಬೇಕಿಲ್ಲ.

ನೋಡುವ ಕ್ರಮ ಹೀಗಿರಲಿ. ಬೆಳಿಗ್ಗೆ ಮೊದಲು ಒಳಕೋಟೆಯ ಪಶ್ಚಿಮ ಗೋಡೆಗೆ ಹೋಗಿ. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಗೋಡೆಯೊಳಗೆ ಕೂತಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿಷಯ ಅದರ ಮೇಲೆ ಕೆತ್ತಿದೆ. ಹೆಚ್ಚಿನವರು ಶಾಸನದ ಫೋಟೊ ಹೊಡೆದು ಹೊರಟುಬಿಡುತ್ತಾರೆ. ಪಕ್ಕದ ಕಲ್ಲುಗಳನ್ನೂ ನಿಧಾನವಾಗಿ ನೋಡಿ: ಆ ಭಾರಿ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಲು ಸಾಲು ಪಶುಗಳು ಎಳೆದು ತರುವ ಗೀಟುಚಿತ್ರ ಅಲ್ಲೇ ಇದೆ. ಕೆಲಸ ಹೇಗಾಯಿತು ಎಂಬುದನ್ನು ಕೆಲಸ ಮಾಡಿದವರೇ ಬಿಡಿಸಿಟ್ಟ ಇಂಥ ದಾಖಲೆ ಅಪರೂಪ. ಗೆರೆಗಳು ಆಳವಿಲ್ಲ, ನೆತ್ತಿ ಮೇಲಿನ ಬಿಸಿಲಿಗೆ ಕಾಣುವುದಿಲ್ಲ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಅಥವಾ ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಪಕ್ಕದಿಂದ ಹಿಡಿದರೆ ಎದ್ದು ಕಾಣುತ್ತವೆ.

ಅಲ್ಲಿಂದ ಕೆತ್ತನೆಗಳಿಗೆ ಹೆಸರಾದ ನವರಂಗಿ ದರ್ವಾಜಾ, ಆಮೇಲೆ ಏಕ್ ಮಿನಾರ್ ಮಸೀದಿ. ಬಹಮನಿಗಳ ಕೊನೆಗಾಲದಲ್ಲಿ, 1513ರ ಸುಮಾರಿಗೆ ಕಟ್ಟಿದ ಮಸೀದಿ ಇದು. ಒಂದೇ ಮಿನಾರು, ಎತ್ತರ ಸುಮಾರು 65 ಅಡಿ, ಎರಡು ಅಂತಸ್ತು. ಇದು ಕಟ್ಟಿದ ಏಳು ವರ್ಷಕ್ಕೇ, 1520ರಲ್ಲಿ, ಕೃಷ್ಣದೇವರಾಯ ಮತ್ತು ಆದಿಲ್‌ಶಾಹಿಗಳ ನಡುವಿನ ರಾಯಚೂರು ಯುದ್ಧ ನಡೆಯಿತು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ತಪ್ಪಿಸಿ. ಬೇರೆ ಹೊತ್ತಿನಲ್ಲೂ ಒಳಗೆ ಹೋಗುವ ಮುಂಚೆ ಅಲ್ಲಿರುವವರನ್ನು ಒಂದು ಮಾತು ಕೇಳಿ. ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಹತ್ತೂವರೆ ಹೊತ್ತಿಗೆ ತೀನ್ ಕಂದೀಲಿಗೆ ಬಂದರೆ ಅಂಗಡಿಗಳು ಆಗಷ್ಟೇ ತೆರೆದಿರುತ್ತವೆ. ಚೌಕವೆಂದರೆ ವಿಶಾಲ ಬಯಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರಬೇಡಿ. ಇಕ್ಕಟ್ಟಾದ ರಸ್ತೆಗಳು ಕೂಡುವ ಜಾಗ ಇದು, ತಳ್ಳುಗಾಡಿ, ಬೈಕು, ಆಟೊ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಕಾರು ತಂದವರು ಕೋಟೆಯ ಹೊರಗೇ ಎಲ್ಲಾದರೂ ಜಾಗ ನೋಡಿ ನಿಲ್ಲಿಸಿ ನಡೆದು ಬರುವುದೇ ಸರಿ. ಒಳಗೆ ತಂದರೆ ತಿರುಗಿಸಲೂ ಜಾಗ ಸಿಗದೆ ಅರ್ಧ ಗಂಟೆ ಹೋಗುತ್ತದೆ. ದಿನಸಿ, ಒಣಹಣ್ಣು, ಅತ್ತರು, ಬಳೆ, ಪಾತ್ರೆ, ಬಟ್ಟೆ, ಎಲ್ಲ ಬಾಯಲ್ಲೇ ರೇಟು ಮುಗಿಯುವ ವ್ಯಾಪಾರ. ಕನ್ನಡ, ಉರ್ದು, ತೆಲುಗು ಯಾವುದಾದರೂ ನಡೆಯುತ್ತದೆ. ರಂಜಾನ್ ತಿಂಗಳಲ್ಲಿ ಇಡೀ ಪ್ರದೇಶದ ಕಳೆಯೇ ಬೇರೆ, ರಾತ್ರಿ ಬಹಳ ಹೊತ್ತಿನವರೆಗೆ ಪೇಟೆ ಬೆಳಗುತ್ತಿರುತ್ತದೆ. ಆಗ ಹಗಲು ಹೋದರೆ ಸಪ್ಪೆ, ಸಂಜೆಯೇ ಹೋಗಬೇಕು.

ತರಕಾರಿ, ಹಣ್ಣಿಗೆ ಉಸ್ಮಾನಿಯಾ ಮಾರುಕಟ್ಟೆ ಬೇರೆಯೇ ಇದೆ, ಅದು ಬೆಳಗಿನ ಬಜಾರು. ರಾಜೇಂದ್ರ ಗಂಜ್ ಎಪಿಎಂಸಿ ಪ್ರವಾಸಿಗರ ಜಾಗವಲ್ಲ, ಆದರೂ ಹತ್ತಿ ಬರುವ ಕಾಲದಲ್ಲಿ ಈ ಸೀಮೆಯ ದುಡ್ಡು ಎಲ್ಲಿಂದ ಬಂದು ಸರಾಫ್ ಬಜಾರಿಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಬಳ್ಳಾರಿ: ಕೊಳ್ಳುವವರ ಊರು

ಬಳ್ಳಾರಿಯಲ್ಲಿ ಕೋಟೆಯೂ ಪೇಟೆಯೂ ಬೇರೆ ಬೇರೆ ಓಡಾಟ. ಬಳ್ಳಾರಿ ಗುಡ್ಡದ ಮೇಲುಕೋಟೆ ಪಾಳೇಗಾರ ಹನುಮಪ್ಪ ನಾಯಕನದು, ಕೆಳಕೋಟೆ 1769ರ ಸುಮಾರಿಗೆ ಹೈದರ್ ಅಲಿ ಕಟ್ಟಿಸಿದ್ದು. ಕೆಲಸ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರವೆಂದು ತಿಳಿದು ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದ ಎಂಬ ಕಥೆ ಊರಿನಲ್ಲಿ ಎಲ್ಲರ ಬಾಯಲ್ಲಿದೆ. ಮೇಲೆ ನಿಂತು ಕುಂಬಾರ ಗುಡ್ಡದತ್ತ ನೋಡಿದರೆ ಕಥೆ ಹುಟ್ಟಿದ್ದು ಯಾಕೆಂದು ತಿಳಿಯುತ್ತದೆ. ಮೆಟ್ಟಿಲುಗಳು ಅಲ್ಲಲ್ಲಿ ಕಡಿದು, ನೆರಳಿಲ್ಲದ ಏರು. ನೀರು ಕೆಳಗಿನಿಂದಲೇ ಒಯ್ಯಬೇಕು. ಮಂಡಿನೋವಿನವರು ಕೆಳಕೋಟೆಯಲ್ಲೇ ನಿಲ್ಲಲಿ.

ಪೇಟೆಯ ನಾಭಿ ರಾಯಲ್ ಸರ್ಕಲ್, ಅಂದರೆ ಗಡಿಗಿ ಚೆನ್ನಪ್ಪ ವೃತ್ತ. ಈಗಿರುವ ಗಡಿಯಾರ ಗೋಪುರ ತೀರಾ ಈಚಿನದು. ಹಳೆಯದನ್ನು ನೋಡಲೆಂದೇ ಬಂದವರಿಗೆ ನಿರಾಸೆಯಾದೀತು. ಹಳತನ ಇರುವುದು ಗೋಪುರದಲ್ಲಲ್ಲ, ಬೀದಿಗಳಲ್ಲಿ. 1800ರಲ್ಲಿ ಈ ಸೀಮೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, ಥಾಮಸ್ ಮನ್ರೊ ಮೊದಲ ಮುಖ್ಯ ಕಲೆಕ್ಟರ್ ಆದ, ದಂಡು ಬಂದು ಬೀಡುಬಿಟ್ಟಿತು. ಬ್ರೂಸ್‌ಪೇಟೆ, ಕೌಲ್ ಬಜಾರ್ ಹೆಸರುಗಳು ಆ ಕಾಲದವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಊರು ಮದರಾಸಿನದು. ಅಂಗಡಿಗಳಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು ಕೇಳಿಬರುವುದು ಇದರಿಂದಲೇ.

ಬೆಂಗಳೂರು ರೋಡಿನಲ್ಲಿ ಮದುವೆ ಜವಳಿ, ಚಿನ್ನ, ಪಾತ್ರೆ, ರೆಡಿಮೇಡ್ ಎಲ್ಲ ಒಂದೇ ನಡಿಗೆಯಲ್ಲಿ ಮುಗಿಯುತ್ತವೆ. ಆಯ್ಕೆಯ ವಿಷಯದಲ್ಲಿ ರಾಯಚೂರು, ಕೊಪ್ಪಳ ಎರಡೂ ಇದರ ಸಮಕ್ಕೆ ಬರುವುದಿಲ್ಲ. ಹತ್ತು ಜನರ ಬಟ್ಟೆ ಒಂದೇ ದಿನ ಆಗಬೇಕಿದ್ದರೆ ಬೇರೆ ಯೋಚನೆಯೇ ಬೇಡ, ಬಳ್ಳಾರಿಗೆ ಬನ್ನಿ. ಮಂಗಳವಾರ ಕನಕ ದುರ್ಗಮ್ಮನ ಗುಡಿಗೆ ಜನ ಹೆಚ್ಚು, ಸಿಡಿಬಂಡಿ ಉತ್ಸವದ ದಿನವಂತೂ ಆ ಕಡೆ ವಾಹನ ತರಬೇಡಿ. ಜೋರು ಮಳೆ ಬಂದರೆ ರೈಲ್ವೆ ಕೆಳಸೇತುವೆಗಳಲ್ಲಿ ನೀರು ನಿಲ್ಲುತ್ತದೆ, ಆಟೊದವರು ಸುತ್ತುಹಾಕುತ್ತಾರೆ. ರೈಲು ಹಿಡಿಯುವುದಿದ್ದರೆ ಅರ್ಧ ಗಂಟೆ ಮುಂಚೆ ಹೊರಡಿ.

ಬಳ್ಳಾರಿಗೇ ವಿಶೇಷವಾದದ್ದು ಜೀನ್ಸ್. ಕೌಲ್ ಬಜಾರು ಮತ್ತು ಸುತ್ತಿನ ಬಡಾವಣೆಗಳಲ್ಲಿ ಮನೆ ಮನೆಯಲ್ಲಿ ಹೊಲಿಗೆ ಇದೆ: ಒಬ್ಬರು ಕಟಿಂಗ್, ಒಬ್ಬರು ಜೇಬು, ಒಬ್ಬರು ಬೆಲ್ಟ್ ಪಟ್ಟಿ, ಇನ್ನೊಬ್ಬರು ಕಾಜಾ, ಗುಂಡಿ, ಆಮೇಲೆ ವಾಷಿಂಗ್ ಘಟಕ. ಇಲ್ಲಿ ಎಡವುವುದು ಎಲ್ಲಿ ಎಂದರೆ, ಹೋಲ್‌ಸೇಲಿನವರು ಒಂದೊಂದು ಪೀಸ್ ಕೊಡುವುದಿಲ್ಲ. 28ರಿಂದ 36ರವರೆಗಿನ ಸೈಜುಗಳ ಸೆಟ್ ಲೆಕ್ಕ. ಮನೆಯಲ್ಲಿ ಒಂದೇ ಸೈಜಿನವರಿಬ್ಬರಿದ್ದರೆ ಸೆಟ್ ತೆಗೆದುಕೊಂಡು ಪ್ರಯೋಜನವಿಲ್ಲ, ಬಿಡಿ ಮಾರುವ ಅಂಗಡಿಗೇ ಹೋಗಿ.

ಕೊಳ್ಳುವ ಮುಂಚೆ ನಾಲ್ಕು ನೋಟ ಬೇಕು. ಪ್ಯಾಂಟನ್ನು ಮೇಜಿನ ಮೇಲೆ ಹಾಸಿ ಪಕ್ಕದ ಹೊಲಿಗೆ ಸೊಂಟದಿಂದ ಪಾದದವರೆಗೆ ನೆಟ್ಟಗೆ ಬಂದಿದೆಯೇ ನೋಡಿ. ಮುಂದಕ್ಕೆ ತಿರುಚಿಕೊಂಡಿದ್ದರೆ ಬಟ್ಟೆಯ ಓರೆ ತೆಗೆಯದೆ ಕತ್ತರಿಸಿದ್ದಾರೆ ಎಂದರ್ಥ, ಒಗೆದಷ್ಟೂ ಕಾಲು ಇನ್ನೂ ತಿರುಚುತ್ತದೆ. ಸೊಂಟದ ನಂಬರು ನಂಬದೆ ಟೇಪು ಹಿಡಿದು ಅಳೆಯಿರಿ, ಒಂದೇ 32 ಅಂಗಡಿಯಿಂದ ಅಂಗಡಿಗೆ ಒಂದಿಂಚು ಆಚೀಚೆ ಇರುತ್ತದೆ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಳಜೇಬಿನ ಹತ್ತಿರ ಉಜ್ಜಿ. ತುಸು ನೀಲಿ ಹತ್ತಿದರೆ ಚಿಂತೆಯಿಲ್ಲ, ಧಾರಾಳವಾಗಿ ಹತ್ತಿದರೆ ವಾಷಿಂಗ್ ಸರಿಯಾಗಿಲ್ಲ, ಮೊದಲ ಒಗೆತದಲ್ಲಿ ಬಣ್ಣವೂ ಬಿಡುತ್ತದೆ, ಬಟ್ಟೆಯೂ ಕುಗ್ಗುತ್ತದೆ. ಝಿಪ್ಪನ್ನು ನಾಲ್ಕೈದು ಸಲ ಎಳೆದು, ಅರ್ಧಕ್ಕೆ ನಿಲ್ಲಿಸಿ ಎರಡೂ ಕಡೆ ಜಗ್ಗಿ ನೋಡಿ. ಅಗ್ಗದ ಮಾಲಿನಲ್ಲಿ ಮೊದಲು ಕೈಕೊಡುವುದು ಬಟ್ಟೆಯಲ್ಲ, ಝಿಪ್ಪು.

ಕೊಪ್ಪಳ: ಚಿಕ್ಕ ಪೇಟೆ, ದೊಡ್ಡ ಸುತ್ತಳತೆ

ಗಡಿಯಾರ ಕಂಬ, ಜವಾಹರ ರಸ್ತೆ, ಅಶೋಕ ವೃತ್ತ. ಪೇಟೆ ಇಷ್ಟೇ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಪೇಟೆಯ ಗಾತ್ರ ನೋಡಿ ಊರನ್ನು ಅಳೆಯಬೇಡಿ. ಕೋಟೆಯನ್ನು 1786ರಲ್ಲಿ ವಶಕ್ಕೆ ತೆಗೆದುಕೊಂಡ ಟಿಪ್ಪು ಫ್ರೆಂಚರ ನೆರವಿನಿಂದ ಬಲಪಡಿಸಿದ. 1790ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಮುತ್ತಿಗೆ ಹಾಕಿದ ಕೋಟೆ ಇದು. ಆಮೇಲೆ ಸಾಲಾರ್ ಜಂಗ್ ಮನೆತನದ ಜಹಗೀರಾಯಿತು. ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ, ಪಾಲ್ಕಿಗುಂಡು ಬೆಟ್ಟದಲ್ಲಿ ಇನ್ನೊಂದು. ಎರಡು ಬಂಡೆಗಳ ಮೇಲೆ ಚಪ್ಪಡಿ ಕೂತು ಪಲ್ಲಕ್ಕಿಯಂತೆ ಕಾಣುವುದರಿಂದ ಪಾಲ್ಕಿಗುಂಡನ್ನು ದೂರದಿಂದಲೇ ಗುರುತಿಸಬಹುದು. ಅರ್ಧ ದಿನಕ್ಕೆ ಗವಿಮಠದ್ದು ಸಾಕು. ಪುಷ್ಯ ಬಹುಳ ಬಿದಿಗೆಗೆ ನಡೆಯುವ ಗವಿಸಿದ್ಧೇಶ್ವರ ಜಾತ್ರೆಯ ಸಮಯದಲ್ಲಿ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಜಾತ್ರೆಗೆಂದೇ ಬನ್ನಿ, ಪೇಟೆ ನೋಡಲು ಬರಬೇಡಿ. ಲಕ್ಷಾಂತರ ಜನ ಸೇರುತ್ತಾರೆ, ಉಳಿಯಲು ಕೋಣೆ ಸಿಗುವುದು ಕಷ್ಟ.

ಕೊಪ್ಪಳಕ್ಕೆ ಬರುವ ನಿಜವಾದ ಕಾರಣ ಹನ್ನೆರಡು ಕಿಲೋಮೀಟರ್ ಆಚೆಯ ಕಿನ್ನಾಳ. ಭೌಗೋಳಿಕ ಗುರುತು ಪಡೆದ ಬಣ್ಣದ ಮರಗೊಂಬೆಗಳು ಇಲ್ಲಿನ ಚಿತ್ರಗಾರ ಮನೆತನಗಳ ಕೈಯಲ್ಲಿ ಆಗುತ್ತವೆ. ಹಗುರ ಮರವನ್ನು ಭಾಗ ಭಾಗವಾಗಿ ಕೆತ್ತಿ ಜೋಡಿಸುತ್ತಾರೆ. ಗೋಣಿನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ಸಂದು ಮುಚ್ಚಿ ಮೈ ತುಂಬುತ್ತಾರೆ. ಅದರ ಮೇಲೆ ಬಟ್ಟೆಯ ಚೂರು, ಆಮೇಲೆ ಕಲ್ಲುಪುಡಿಯ ಲೇಪ, ಅದು ಒಣಗಿದ ಮೇಲೆ ಬಣ್ಣ. ಒಡವೆಯ ಭಾಗ ಅಂಟು ಬೆರೆಸಿದ ಕಲ್ಲುಪುಡಿಯಲ್ಲೇ ಉಬ್ಬಿಸಿ ಮಾಡಿದ್ದು. ಆದ್ದರಿಂದ ಅಸಲಿ ಗೊಂಬೆಯ ಸರದ ಮೇಲೆ ಬೆರಳಾಡಿಸಿದರೆ ಉಬ್ಬು ಕೈಗೆ ಸಿಗುತ್ತದೆ. ಗಾತ್ರಕ್ಕೆ ಹೋಲಿಸಿದರೆ ತೂಕ ಆಶ್ಚರ್ಯ ಪಡುವಷ್ಟು ಕಡಿಮೆ. ಕೈಗೆ ಭಾರವಾಗಿ ಬಂದು, ತಳದಲ್ಲಿ ಅಚ್ಚಿನ ಗೆರೆ ಕಂಡರೆ ಅದು ಎರಕದ ಬೊಂಬೆ.

ರೆಡಿ ಇರುವುದು ಹೆಚ್ಚಾಗಿ ಚಿಕ್ಕ ಗಾತ್ರದವು. ಗೌರಿ, ಗರುಡ, ಕಾಮಧೇನು ದೊಡ್ಡದು ಬೇಕಿದ್ದರೆ ಮುಂಚೆಯೇ ಹೇಳಿ ಮಾಡಿಸಬೇಕು. ಪ್ರತಿ ಲೇಪ ಒಣಗಲು ಬಿಸಿಲು ಬೇಕು, ಮಳೆಗಾಲದಲ್ಲಿ ಕೆಲಸ ನಿಧಾನ. ಚೌಕಾಸಿಯ ವಿಷಯದಲ್ಲಿ ನಮ್ಮ ಮಾತು ಸ್ಪಷ್ಟ: ಜವಾಹರ ರಸ್ತೆಯಲ್ಲಿ ಎಷ್ಟು ಬೇಕಾದರೂ ಮಾಡಿ, ಕಿನ್ನಾಳದ ಮನೆಯ ಜಗಲಿಯಲ್ಲಿ ಕೂತು ಮಾಡಬೇಡಿ. ಊರಿಗೆ ಅಂಟಿಕೊಂಡ ಭಾಗ್ಯನಗರ ನೇಕಾರರ ಊರು. ಮಗ್ಗದ ಸೀರೆ ನೋಡಬೇಕಿದ್ದರೆ ಅಲ್ಲಿಗೂ ಒಂದು ಆಟೊ ಮಾಡಿ.

ಸೀರೆ, ಖಣ, ಚಿನ್ನ: ಎಲ್ಲೇ ಕೊಂಡರೂ

ಇಳಕಲ್ ಸೀರೆ ಮೂರೂ ಊರಿನಲ್ಲಿ ಸಿಗುತ್ತದೆ. ಇಳಕಲ್ಲಿಗೆ ಹತ್ತಿರವಾದ ಕೊಪ್ಪಳದಲ್ಲಿ ನೂಲಿನ ಸೀರೆ ಉಡುವವರು ಈಗಲೂ ಬಹಳ, ಹಾಗಾಗಿ ದಿನಬಳಕೆಯ ಮಾಲಿಗೆ ಕೊಪ್ಪಳ ಚೆನ್ನ. ರೇಷ್ಮೆ ಬೆರೆತ ದುಬಾರಿ ಸೀರೆಗೆ ಬಳ್ಳಾರಿ. ಕೈಮಗ್ಗದ ಇಳಕಲ್ಲಿನ ಗುರುತು ಸೆರಗು ಮೈಗೆ ಸೇರುವ ಜಾಗದಲ್ಲಿದೆ. ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೀರೆ ಮಗುಚಿ ಅಲ್ಲಿ ನೋಡಿ, ಸಾಲು ಸಾಲು ಸಣ್ಣ ಕೊಂಡಿ ಕಾಣಬೇಕು. ಕಾಣದೆ ಒಂದೇ ನೇಯ್ಗೆಯಾಗಿ ಹರಿದಿದ್ದರೆ ಅದು ಇಳಕಲ್ ನಮೂನೆಯ ಸೀರೆ, ಇಳಕಲ್ ಅಲ್ಲ. ನಮೂನೆ ಸೀರೆ ಕೊಳ್ಳುವುದು ತಪ್ಪಲ್ಲ, ಅದಕ್ಕೆ ಕೈಮಗ್ಗದ ದುಡ್ಡು ಕೊಡುವುದು ತಪ್ಪು.

ಸೆರಗು ರೇಷ್ಮೆ ಅಂದರೆ ಕುಚ್ಚಿನಿಂದ ಒಂದು ಎಳೆ ಕೇಳಿ ಪಡೆದು ಹೊರಗೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 6 ಗಜದ್ದೋ 9 ಗಜದ್ದೋ ಎಂದು ಮೊದಲೇ ಹೇಳಿ, ಅಜ್ಜಿಯಂದಿರಿಗೆ ಒಯ್ಯುವಾಗ ತಪ್ಪುವುದು ಅಲ್ಲೇ. ಗುಳೇದಗುಡ್ಡದ ಖಣದ ಪನ್ನ, ಅಂದರೆ ಅಗಲ, ಸಾಮಾನ್ಯ ಬಟ್ಟೆಗಿಂತ ಕಿರಿದು. ಪನ್ನ ಅಳೆಸಿ, ಟೈಲರಿಗೆ ಫೋನಿನಲ್ಲಿ ಹೇಳಿ ಎಷ್ಟು ಮೀಟರ್ ಎಂದು ಕೇಳಿಕೊಂಡೇ ಹರಿಸಿ.

ಚಿನ್ನಕ್ಕೆ ರಾಯಚೂರಿನ ಸರಾಫ್ ಬಜಾರಾಗಲಿ ಬೆಂಗಳೂರು ರೋಡಾಗಲಿ, ನೋಡಬೇಕಾದ್ದು ಒಂದೇ. ಒಡವೆಯ ಮೇಲೆ ಬಿಐಎಸ್ ಗುರುತು, 22 ಕ್ಯಾರೆಟ್ ಆದರೆ 916, ಜತೆಗೆ ಅಕ್ಷರ ಅಂಕಿ ಸೇರಿ ಆರು ಚಿಹ್ನೆಗಳ ಹೆಚ್‌ಯುಐಡಿ, ಅಂದರೆ ಆ ಒಡವೆಯ ಗುರುತು ಸಂಖ್ಯೆ. ಆ ಆರನ್ನು ಅಂಗಡಿಯಲ್ಲೇ ಕೂತು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಬಗೆಯ ಒಡವೆ, ಎಷ್ಟು ಶುದ್ಧ ಎಂಬುದು ಬರುತ್ತದೆ. ಕೈಯಲ್ಲಿ ಉಂಗುರವಿದ್ದು ಆ್ಯಪಿನಲ್ಲಿ ಸರ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಕಲ್ಲಿನ ತೂಕ, ಚಿನ್ನದ ತೂಕ, ಮಜೂರಿ, ಜಿಎಸ್‌ಟಿ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ‘ಎಲ್ಲ ಸೇರಿ ಇಷ್ಟು’ ಎಂಬ ಚೀಟಿ ಹಿಡಿದುಕೊಂಡು ಬಂದರೆ ನಾಳೆ ಬದಲಾಯಿಸುವಾಗ ಕಲ್ಲಿಗೆ ಕೊಟ್ಟ ದುಡ್ಡು ಎಷ್ಟೆಂದೇ ತಿಳಿಯುವುದಿಲ್ಲ.

ಊಟ ಮತ್ತು ಸಾಗಾಟ

ಸಂಜೆ ಮಂಡಾಳ (ಮಂಡಕ್ಕಿ) ಒಗ್ಗರಣಿ, ಮಿರ್ಚಿ ಮೂರೂ ಕಡೆ ಇದೆ. ಮಿರ್ಚಿ ಬಾಣಲೆಯಿಂದ ತೆಗೆಯುವುದನ್ನು ಕಾದು ತಿನ್ನಿ, ಗುಡ್ಡೆ ಹಾಕಿಟ್ಟದ್ದು ಎಣ್ಣೆ ಹೀರಿರುತ್ತದೆ. ಮಧ್ಯಾಹ್ನಕ್ಕೆ ರೊಟ್ಟಿ ಊಟದ ಖಾನಾವಳಿ ಹುಡುಕಿ, ಎರಡೂವರೆ ಮೇಲೆ ಹೋದರೆ ಬಿಸಿ ರೊಟ್ಟಿ ಮುಗಿದು ಖಡಕ್ ರೊಟ್ಟಿ ಉಳಿದಿರುತ್ತದೆ. ಮಾಂಸಾಹಾರಿಗಳಿಗೆ ರಾಯಚೂರಿನ ಹಳೇ ಊರು ಮತ್ತು ಕೌಲ್ ಬಜಾರಿನ ಬಿರಿಯಾನಿ ಇದ್ದೇ ಇದೆ.

ವಯಸ್ಸಾದವರ ಜತೆ ಹೊರಟರೆ ರಾಯಚೂರೇ ಸುಲಭ. ಬೆಟ್ಟದ ಮೇಲಿನ ಬಾಲಾ ಹಿಸ್ಸಾರ್ ಬಿಟ್ಟರೆ ಉಳಿದದ್ದೆಲ್ಲ ಸಮತಟ್ಟು, ಶಾಸನದ ಗೋಡೆಯೂ ದರ್ವಾಜಾಗಳೂ ಹತ್ತದೆಯೇ ಸಿಗುತ್ತವೆ. ಚಿಕ್ಕ ಮಕ್ಕಳಿದ್ದರೆ ಕೊಪ್ಪಳ: ರಸ್ತೆ ದಾಟುವ ಗಾಬರಿ ಕಡಿಮೆ, ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವುದನ್ನು ಮಕ್ಕಳು ಕಣ್ಣು ಕೀಳದೆ ನೋಡುತ್ತಾರೆ.

ಕೊಪ್ಪಳ ಮತ್ತು ಬಳ್ಳಾರಿ ಜೋಡಿಸುವವರು ಮೊದಲು ಬಳ್ಳಾರಿ ಮುಗಿಸಿ, ಕಿನ್ನಾಳವನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಬೆಂಗಳೂರು ರೋಡಿನ ನೂಕಾಟದಲ್ಲಿ ಗೊಂಬೆ ಹಿಡಿದು ತಿರುಗಿದರೆ ಮೊದಲು ಮುರಿಯುವುದು ಬೆರಳು, ಕಿವಿ, ಕೊಂಬು. ಕಟ್ಟುವಾಗ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಬಣ್ಣಕ್ಕೆ ತಾಗಿಸಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಅಂಟಿಕೊಂಡು ಬಣ್ಣ ಕಿತ್ತುಬರುತ್ತದೆ. ಮೊದಲು ಹಳೇ ನೂಲಿನ ಬಟ್ಟೆ, ಅದರ ಮೇಲೆ ಪೇಪರು, ಆಮೇಲೆ ರಟ್ಟಿನ ಡಬ್ಬಿ, ಸಂದುಗಳಿಗೆ ಬಳ್ಳಾರಿಯಲ್ಲಿ ಕೊಂಡ ಬಟ್ಟೆಗಳನ್ನೇ ತುರುಕಿ. ಗೊಂಬೆಯನ್ನು ಮಲಗಿಸಬೇಡಿ, ನಿಲ್ಲಿಸಿ ಕಟ್ಟಿ. ರೈಲಿನಲ್ಲಾದರೆ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳದೆ ತೊಡೆಯ ಮೇಲೆ ಅಥವಾ ಕಿಟಕಿ ಪಕ್ಕ ಇಟ್ಟುಕೊಳ್ಳಿ.